ಲಾರಿಯ ಮೂತಿಗೆ ಕಟ್ಟಿದ ಕೆಂಪು ಬಟ್ಟೆ

ಟೆಚಿಮಾನ್ ಲಾರಿ ಅಂಗಳ
3 ಆಗಸ್ಟ್ 1995

ಮಹಾರಾಜಶ್ರೀ ಬೊಕೋ ಮಾವನವರ ಊದಿದ ಮೊಣಕಾಲಿನ ಸನ್ನಿಧಾನಕ್ಕೆ,

ನಿಮ್ಮ ಸೋದರಳಿಯನೂ, ಮಾಜಿ ಕ್ಲೀನರನೂ, ಸದ್ಯ ಸ್ವಂತ ಲಾರಿಯೊಂದರ ಏಕೈಕ ಮಾಲೀಕ, ಡ್ರೈವರ್ ಮತ್ತು ಕಾವಲುಗಾರನೂ ಆದ ಕ್ವಾಕು ಮಾಡುವ ಬಿನ್ನಹ. ಇತ್ತ ನಾನು ಕ್ಷೇಮ. ಗೇರುಪೆಟ್ಟಿಗೆ ಅಷ್ಟೊಂದು ಕ್ಷೇಮವಿಲ್ಲ. ಅತ್ತ ಅಕುಬಾ ಅತ್ತೆಯೂ ನೀವೂ ಸಮುದ್ರದ ಗಾಳಿ ಕುಡಿದು ದಪ್ಪಗಾಗಿದ್ದೀರೆಂದು ನಂಬಿದ್ದೇನೆ.

ಕುಮಾಸಿಯ ಗ್ಯಾರೇಜುಗಳಲ್ಲಿ ಮೂರು ಸತ್ತ ಲಾರಿಗಳನ್ನು ಬಿಚ್ಚಿ ಒಂದು ಜೀವಂತ ಲಾರಿ ಮಾಡಿದ್ದೇನೆ. ಎಂಜಿನ್ ಒಂದರದು, ಚಾಸಿ ಇನ್ನೊಂದರದು. ಎಡಬಾಗಿಲಿಗೂ ಬಲಬಾಗಿಲಿಗೂ ಪರಸ್ಪರ ಪರಿಚಯವಿಲ್ಲ. ನಿಮ್ಮ ಹಳೇ ಲಾರಿಯ ಹಾರ್ನನ್ನೂ ಗುಜರಿಯವನನ್ನು ಕಾಡಿ ಬೇಡಿ ತಂದು ಕೂರಿಸಿದ್ದೇನೆ. ಮೂರು ಸಲ ಸೀನಿ ಒಂದು ಸಲ ಕೆಮ್ಮುವ ಅದೇ ಹಾರ್ನು. ವೈರು ಎಳೆದಿಲ್ಲ, ಹಾಗಾಗಿ ಸದ್ಯ ಮೌನವ್ರತದಲ್ಲಿದೆ. ನಿಮ್ಮ ಲಾರಿಯ ಹಣೆಯ ಮೇಲೆ ‘ಬೊಕೋ’, ಅಂದರೆ ನಿಧಾನ, ಎಂದು ಬರೆದಿದ್ದಕ್ಕೆ ಊರೆಲ್ಲ ನಿಮ್ಮನ್ನೇ ಬೊಕೋ ಎಂದು ಕರೆಯಿತು. ನಾನು ‘ಇವತ್ತೇ’ ಎಂದು ಬರೆಸಿದೆ. ಇದರ ಫಲ ಏನೆಂದರೆ, ಅಂಗಳದಲ್ಲಿ ಚಹಾ ಮಾರುವವನಿಂದ ಹಿಡಿದು ಪ್ರತಿಯೊಬ್ಬನೂ ಬೆಳಗಾದರೆ ಕೇಳುತ್ತಾನೆ, “ಏನೋ ಇವತ್ತೇ, ಇವತ್ತಾದ್ರೂ?”

ಹೌದು ಮಾವ, ಲೋಡು ಸಿಕ್ಕಿಲ್ಲ. ಸರದಿ ಕೂಗುವವನು ಇಸ್ಸಾಕ. ಆದರೆ ಸರದಿ ಬಂದ ಲಾರಿಗೆ ಹೆಗ್ಗೆಣಸು ತುಂಬಬೇಕೋ ಬೇಡವೋ ಎನ್ನುವವಳು ಗೆಣಸಿನ ರಾಣಿ, ಸಂತೆಯೆಲ್ಲ ಗೌರವದಿಂದ ‘ನಾನಾ’ ಎಂದು ಕರೆಯುವ ನಾನಾ ನ್ಯಾರ್ಕೊ. ಬೋರಲು ಹಾಕಿದ ಕೊಳದಪ್ಪಲೆಯ ಮೇಲೆ ಕೂತು ಇಡೀ ಸಂತೆಯನ್ನು ಆಳುತ್ತಾಳೆ. ನನ್ನ ಸರದಿ ಬಂದಾಗ ಆದ ಸಂದರ್ಶನ ಹೀಗಿತ್ತು.

“ಯಾರದಪ್ಪ ಈ ಲಾರಿ?”

“ನಂದೇ ಅಮ್ಮ.”

“ಅದು ನೋಡಿದ್ರೇ ಗೊತ್ತಾಗ್ತದೆ. ನೀನು ಯಾರವನು? ಅರ್ಧದಾರೀಲಿ ಕೆಟ್ಟು ನಿಂತು ನನ್ನ ಗೆಣಸು ಕೊಳೆತ್ರೆ ನಾನು ಯಾರ ಮನೆ ಬಾಗ್ಲಿಗೆ ಹೋಗಿ ಬೈಲಿ?”

“ನಾನು ಸ್ವತಂತ್ರ, ಅಮ್ಮ.”

“ಹಂಗಾದ್ರೆ ಅಲ್ಲೇ ಹೋಗಿ ಸ್ವತಂತ್ರವಾಗಿ ನಿಂತ್ಕೋ.”

ನಿಂತಿದ್ದೇನೆ. ಅವಳಿಗೆ ನಾನು ನಿಮ್ಮ ಕ್ಲೀನರ್ ಆಗಿದ್ದ ಕಡ್ಡಿ ಹುಡುಗ ಎಂಬ ಗುರುತೇ ಸಿಗಲಿಲ್ಲ, ಮೀಸೆಯ ಮಹಿಮೆ. ನಾನೂ ಹೇಳಲಿಲ್ಲ. ಸ್ವಂತ ಲಾರಿಯವನು ಮಾವನ ಹೆಸರು ಹೇಳಿ ಲೋಡು ಬೇಡುವುದೇ? ಆದರೆ ಈ ಸುಗ್ಗಿ ಮುಗಿಯುವುದರೊಳಗೆ ಅವಳ ಗೆಣಸು ನನ್ನ ಲಾರಿ ಏರದಿದ್ದರೆ, ಇದನ್ನು ಮತ್ತೆ ಮೂರು ಲಾರಿಯಾಗಿ ಬಿಚ್ಚಿ ಮಾರುವುದೇ ಗತಿ. ಇದು ಸಲಹೆ ಕೇಳುವ ಪತ್ರವಲ್ಲ. ಆದರೂ ನೀವು ಸಲಹೆ ಕೊಟ್ಟರೆ ನಾನು ತಡೆಯುವುದಿಲ್ಲ.

ಇಂತಿ, ನಿಂತಲ್ಲೇ ನಿಂತಿರುವ,
ಕ್ವಾಕು

*

ಎಸಿಯಾಮ
11 ಆಗಸ್ಟ್ 1995

ಚಿ. ಕ್ವಾಕುವಿಗೆ ಮಾವನ ಆಶೀರ್ವಾದ.

ನಿನ್ನ ಪತ್ರವನ್ನು ಅಕುಬಾಗೆ ಓದಿ ಹೇಳಿದೆ. ಕೊಳದಪ್ಪಲೆಯ ಕಡೆ ಬಂದಾಗ ಅವಳು ನಕ್ಕು ನಕ್ಕು ಕೆಮ್ಮಿದಳು. ನನಗೆ ನಗು ಬರಲಿಲ್ಲ. ಖಾಲಿ ಲಾರಿಯಲ್ಲಿ ನಾನೂ ಕೂತಿದ್ದೇನೆ.

ಯಾರಿಗೂ ಬೇಡದ ಲೋಡು ಹೊತ್ತುಕೋ. ಇದ್ದಿಲು, ಖಾಲಿ ಪೆಟ್ಟಿಗೆ, ಮರದ ಹಲಗೆ, ಏನಾದರೂ ಸರಿ. ಲಾರಿ ಓಡುತ್ತದೆ ಎಂಬುದು ಜನರ ಕಣ್ಣಿಗೆ ಬೀಳಬೇಕು. ಹೆಂಗಸರು ಬುಟ್ಟಿ ಇಳಿಸುವಾಗ ಕೈಕಟ್ಟಿ ನಿಲ್ಲಬೇಡ, ಒಂದು ಕೈ ಕೊಡು.

ಆಮೇಲೆ ನಾನಾ ನ್ಯಾರ್ಕೊ ಹತ್ತಿರ ಹೋಗು. ಟೋಪಿ ತೆಗೆ. ಬೊಕೋನ ಮೊಣಕಾಲು ನಿಮಗೆ ನಮಸ್ಕಾರ ಹೇಳಿದೆ ಎನ್ನು. ಅಷ್ಟೇ. ಅದಕ್ಕಿಂತ ಹೆಚ್ಚು ಮಾತಾಡಬೇಡ, ನಿನ್ನ ನಾಲಿಗೆ ನನಗೆ ಗೊತ್ತು. ಅವಳು ಲೋಡು ಕೊಡುತ್ತಾಳೆ. ಮಾವನ ಹೆಸರು ಹೇಳುವುದು ಬೇಡುವುದಲ್ಲ ಕಣೋ. ನನ್ನ ಹತ್ತಿರ ನಿನಗೆ ಬಿಟ್ಟುಹೋಗಲು ಇರುವುದು ಅದೊಂದೇ.

ತಾರ್ಕ್ವಾ ಕಡೆಗೆ ಹೊರಟ ತೆಂಗಿನಕಾಯಿ ಲಾರಿಯಲ್ಲಿ ಈ ಪತ್ರ ಕಳಿಸುತ್ತಿದ್ದೇನೆ. ಬೇಗ ಸಿಗಬಹುದು.

ನಿನ್ನ ಮಾವ,
ನ್ಸಿಯಾ (ಊರಿಗೆಲ್ಲ ಬೊಕೋ)

*

ಟೆಚಿಮಾನ್
24 ಆಗಸ್ಟ್ 1995

ಸಕಲ ರಸ್ತೆಗಳ ಒಡೆಯರಾದ ಮಾವನವರಿಗೆ,

ನಿಮ್ಮಿಂದ ಸಲಹೆ ಬರಲಿಲ್ಲ. ಬೇಕಾಗಲೂ ಇಲ್ಲ! ಸಿಕ್ಕಿತು ಮಾವ, ಲೋಡು ಸಿಕ್ಕಿತು. ಹೆಗ್ಗೆಣಸು. ಟಾರ್ಪಾಲಿನ ಹಗ್ಗ ಬಿಗಿಯಲಾರದಷ್ಟು ಹೆಗ್ಗೆಣಸು. ಅಕ್ರಾಕ್ಕೆ ಹೋಗಿ ಇಳಿಸಿ ಬಂದೆ, ಬಂದೊಡನೆ ಮತ್ತೆ ಸಿಕ್ಕಿತು. ಇಸ್ಸಾಕ ನನ್ನ ಸರದಿ ಕಾಯುವುದನ್ನೇ ಬಿಟ್ಟಿದ್ದಾನೆ. ನನ್ನ ಲಾರಿ ಅಂಗಳಕ್ಕೆ ಬಂದರೆ ಉಳಿದ ಡ್ರೈವರುಗಳು ಟೋಪಿ ತೆಗೆದು ದಾರಿ ಬಿಡುತ್ತಾರೆ. ನಾನಾ ನ್ಯಾರ್ಕೊ ತನ್ನ ಕೈಯಾರೆ ನನಗೆ ಫುಫು ಮುದ್ದೆ ಬಡಿಸುತ್ತಾಳೆ, “ತಿನ್ನೋ ಕಂದ, ದುಃಖ ಇದ್ರೂ ಹೊಟ್ಟೆಗೆ ತಿನ್ಬೇಕು” ಎನ್ನುತ್ತಾಳೆ.

ಹೇಗೆ ಸಿಕ್ಕಿತು ಎಂದು ಕೇಳುತ್ತೀರಿ. ವ್ಯಕ್ತಿತ್ವ, ಮಾವ. ಅದರ ಜೊತೆಗೆ ಮುಖದ ಮೇಲೆ ಒಂದಿಷ್ಟು ಗಾಂಭೀರ್ಯ. ವಿವರ ಮುಂದೆಂದಾದರೂ.

ಅಂದಹಾಗೆ, ಈ ವರ್ಷ ಉತ್ತರದ ರಸ್ತೆಗಳು ತೀರಾ ಕೆಟ್ಟಿವೆ. ನೀವು ಇತ್ತ ಬರುವ ಯೋಚನೆಯಲ್ಲಿದ್ದರೆ ಬಿಟ್ಟುಬಿಡಿ. ಮೊಣಕಾಲು ಮುಖ್ಯ.

ಈ ಪತ್ರ ತರುವವನ ಕೈಯಲ್ಲಿ ಅತ್ತೆಗೆ ಒಳ್ಳೆ ಗೆಣಸು ಕಳಿಸಿದ್ದೇನೆ. ಅವನು ಹೊಸಬ, ನಿಮ್ಮನ್ನು ಬಲ್ಲವನಲ್ಲ. ಅದೇ ವಾಸಿ.

ಯಶಸ್ವಿ,
ಕ್ವಾಕು

*

ಎಸಿಯಾಮ
2 ಸೆಪ್ಟೆಂಬರ್ 1995

ಚಿ. ಕ್ವಾಕು,

ಗೆಣಸು ಬಂತು. ಅಕುಬಾ ಬೇಯಿಸಿದಳು, ಬೆಣ್ಣೆಯಂತಿತ್ತು. ಪತ್ರ ಓದಿ ಅಂಗಳದಲ್ಲೇ ಎರಡು ಹೆಜ್ಜೆ ಕುಣಿದೆ, ಮೊಣಕಾಲು ಬೈದುಕೊಂಡಿತು.

ನನ್ನ ಪತ್ರ ಸಿಗಲಿಲ್ಲವೆಂದು ಬರೆದಿದ್ದೀಯ. ಹಾಗಿದ್ದರೂ ನಾನಾ ನ್ಯಾರ್ಕೊ ನಿನ್ನ ಗುರುತು ಹಿಡಿದಳು ಅನ್ನು. ನನ್ನ ಬಗ್ಗೆ ಏನಾದರೂ ಕೇಳಿದಳೇ? ನೀನು ಅದೊಂದನ್ನೂ ಬರೆದಿಲ್ಲ. ಅವಳು ಮರೆತವರ ಪಟ್ಟಿಯಲ್ಲಿ ನಾನೂ ಸೇರಿರಬಹುದು ಎಂದುಕೊಂಡಿದ್ದೆ.

ಇಲ್ಲೊಂದು ವಿಚಿತ್ರ ನಡೆಯಿತು. ಸೀಮೆಎಣ್ಣೆ ತರಲು ರಸ್ತೆಗೆ ಹೋಗಿದ್ದೆ. ಕುಮಾಸಿಗೆ ಮೀನು ಒಯ್ಯುವ ಡ್ರೈವರ್ ಒಬ್ಬ, ಹಳೇ ಪರಿಚಯದವನು, ಎದುರಿಗೆ ಸಿಕ್ಕ. ಕೈ ಎತ್ತಿದೆ. ಅವನು ನನ್ನನ್ನು ನೋಡಿದ, ತಿನ್ನುತ್ತಿದ್ದ ಜೋಳದ ಕೆಂಕೆ ಉಂಡೆ ಕೆಳಗೆ ಬಿತ್ತು, ತಿರುಗಿ ಓಡಿಹೋಗಿ ಲಾರಿ ಹತ್ತಿ ಕಿಟಕಿ ಗಾಜು ಏರಿಸಿದ. ನಾನು ಅಷ್ಟೊಂದು ಇಳಿದುಹೋಗಿದ್ದೇನೆಯೇ ಎಂದು ಅಕುಬಾಳನ್ನು ಕೇಳಿದೆ. ಕನ್ನಡಿ ತಂದು ಕೊಟ್ಟಳು. ಇಳಿದೇನೂ ಇಲ್ಲ.

ಅಕ್ಟೋಬರಿನಲ್ಲಿ ಬರುತ್ತೇನೆ. ರಸ್ತೆ ಕೆಟ್ಟಿದ್ದರೆ ಕೆಟ್ಟಿರಲಿ. ನಿನ್ನ ಪಕ್ಕದ ಸೀಟಿನಲ್ಲಿ ಕೂತು ಒಂದು ಸಲ ಅಕ್ರಾಕ್ಕೆ ಹೋಗಿಬರಬೇಕು.

ಮಾವ

*

ಟೆಚಿಮಾನ್
10 ಸೆಪ್ಟೆಂಬರ್ 1995

ಪೂಜ್ಯ ಮಾವನವರಿಗೆ,

ನಿಮ್ಮ ಎರಡು ಪತ್ರಗಳೂ ಒಂದೇ ದಿನ ಸಿಕ್ಕವು. ಆಗಸ್ಟಿನ ಪತ್ರ ತಂದ ಲಾರಿ ಆಕ್ಸಲ್ ಮುರಿದುಕೊಂಡು ತಾರ್ಕ್ವಾದಲ್ಲೇ ಮಲಗಿತ್ತಂತೆ.

ಟೋಪಿ ತೆಗೆದು ನಮಸ್ಕಾರ ಹೇಳು, ಲೋಡು ಕೊಡುತ್ತಾಳೆ ಎಂದು ಬರೆದಿದ್ದೀರಿ. ಅದನ್ನು ಹಲವು ಸಲ ಓದಿದೆ.

ನಾನಾ ನ್ಯಾರ್ಕೊ ನಿಮ್ಮನ್ನು ಮರೆತಿಲ್ಲ. ದಿನವೂ ನಿಮ್ಮ ಮಾತೇ ಆಡುತ್ತಾಳೆ.

ದಯವಿಟ್ಟು ಅಕ್ಟೋಬರಿನಲ್ಲಿ ಬರಬೇಡಿ. ಧೂಳು ಜಾಸ್ತಿ.

ಕ್ವಾಕು

*

ಟೆಚಿಮಾನ್
18 ಸೆಪ್ಟೆಂಬರ್ 1995, ಸೋಮವಾರ
ಬಹಳ ಜರೂರು. ಕೈಯಿಂದ ಕೈಗೆ ಮುಟ್ಟಿಸುವುದು.

ಮಾವ,

ಈ ಪತ್ರವನ್ನು ಕೂತು ಓದಿ.

ಇಲ್ಲಿ ನೀವು ಸತ್ತುಹೋಗಿದ್ದೀರಿ. ಒಂದು ತಿಂಗಳಾಗುತ್ತ ಬಂತು.

ಕೊಲ್ಲಬೇಕೆಂದು ಕೊಂದದ್ದಲ್ಲ. ನೀವು ಹೇಳುವ ಮೊದಲೇ, ಹೊಟ್ಟೆಪಾಡಿಗೆ, ಒಬ್ಬ ಬಡಗಿಯ ಹಲಗೆಗಳನ್ನು ಹೊತ್ತಿದ್ದೆ. ಹಲಗೆ ಉದ್ದವಾಗಿ ಕ್ಯಾಬಿನ್ನಿನ ಮುಂದಕ್ಕೂ ಚಾಚಿದ್ದರಿಂದ, ಎದುರಿನವರಿಗೆ ಕಾಣಲೆಂದು ತುದಿಗೆ ಕೆಂಪು ಬಟ್ಟೆ ಕಟ್ಟಿದ್ದೆ. ಹಲಗೆ ಇಳಿಸಿದ ಮೇಲೆ ಬಟ್ಟೆ ಕಳೆಯದಿರಲೆಂದು ರೇಡಿಯೇಟರಿನ ಜಾಲರಿಗೆ ಗಂಟು ಹಾಕಿದೆ. ಸಾವಾದ ಮನೆಯ ಲಾರಿ ಮೂತಿಗೆ ಕೆಂಪು ಕಟ್ಟಿಕೊಂಡು ಓಡಾಡುತ್ತದೆ ಎಂಬುದು ಆ ಹೊತ್ತಿಗೆ ತಲೆಗೆ ಬರಲಿಲ್ಲ. ಅದೇ ದಿನ ಹಾರ್ನಿಗೆ ವೈರು ಎಳೆದಿದ್ದೆ. ಅಂಗಳದ ಬಾಗಿಲಲ್ಲಿ ಖುಷಿಯಿಂದ ಒತ್ತಿದೆ. ಮೂರು ಸೀನು, ಒಂದು ಕೆಮ್ಮು.

ಗೆಣಸು ಎಣಿಸುತ್ತಿದ್ದ ಒಬ್ಬ ಹೆಂಗಸು ತಲೆ ಎತ್ತಿದಳು. “ಇದು ನಮ್ಮ ಬೊಕೋ ಹಾರ್ನಲ್ವೇನ್ರೇ?”

“ಹೌದಲ್ವಾ! ಆದ್ರೆ ಮೂತಿಗೆ ಕೆಂಪು ಕಟ್ಟಿದೆ ನೋಡ್ರೇ...”

“ಅಯ್ಯೋ, ಈ ಹುಡ್ಗ ಅವನ ಅಳಿಯ ಕಣ್ರೇ! ಕ್ಲೀನರ್ ಕಡ್ಡಿ! ಅಯ್ಯೋ ಬೊಕೋ!”

ನಾನಾ ನ್ಯಾರ್ಕೊ ಕೊಳದಪ್ಪಲೆಯಿಂದ ಎದ್ದು ಬಂದಳು. “ಬೊಕೋ ಹೋದ್ನೇನೋ?” ಎಂದಳು.

ಮಾವ, ನಾನು ಬಾಯಲ್ಲಿ ಏನೂ ಹೇಳಲಿಲ್ಲ. ನಿಮಗೆ ಗೊತ್ತಲ್ಲ, ತಮಾಷೆಗೆ ನಾನು ಹಾಕಿಕೊಳ್ಳುವ ಪಾದ್ರಿಯ ಮುಖ. ಅದನ್ನು ಹಾಕಿಕೊಂಡು ತಲೆ ಬಗ್ಗಿಸಿದೆ. ಒಂದು ಗಳಿಗೆ ಬಿಟ್ಟು ನಕ್ಕುಬಿಡೋಣ, ಎಲ್ಲರೂ ಬೈದು ನಗುತ್ತಾರೆ ಎಂದುಕೊಂಡಿದ್ದೆ. ಆದರೆ ಅವಳು ಚಪ್ಪಲಿ ಬಿಟ್ಟು ಮಣ್ಣಿನ ಮೇಲೆ ಕೂತೇಬಿಟ್ಟಳು. “ಕಿಂಟಾಂಪೊ ದಾರೀಲಿ ನನ್ನ ಗೆಣಸು ಬಿಸಿಲಿಗೆ ಬಾಡ್ತಿದ್ರೆ ತನ್ನ ಹೊದಿಕೆ ನೆನೆಸಿ ಹೊದಿಸಿದವನು” ಎಂದು ಎದೆ ಬಡಿದುಕೊಂಡು ಅತ್ತಳು. ಅಷ್ಟು ಹೆಂಗಸರು ಅಳುವಾಗ ನಗುವುದು ಹೇಗೆ? ಅತ್ತು ಎದ್ದವಳು ಇಸ್ಸಾಕನಿಗೆ ಹೇಳಿದ ಮೊದಲ ಮಾತು, “ಈ ಹುಡುಗನ ಲಾರಿ ಮೊದಲು ತುಂಬ್ರೋ.”

ಮರುದಿನ ಬಟ್ಟೆ ಬಿಚ್ಚಬಹುದಿತ್ತು. ಬಿಚ್ಚಲಿಲ್ಲ. ಬಟ್ಟೆ ಇರುವವರೆಗೆ ಲೋಡು ಇತ್ತು. ಸಂಸ್ಕಾರ ಯಾವತ್ತು ಎಂದು ಕೇಳಿದಾಗಲೆಲ್ಲ, ಮಾವ ಇನ್ನೂ ಆಸ್ಪತ್ರೆಯ ಮಂಜಿನ ಕೋಣೆಯಲ್ಲಿದ್ದಾರೆ, ಮನೆಯವರು ದಿನ ಗೊತ್ತುಮಾಡಿಲ್ಲ ಎಂದೆ. ನಮ್ಮಲ್ಲಿ ಹೆಣಗಳು ತಿಂಗಳುಗಟ್ಟಲೆ ಕಾಯುತ್ತವಲ್ಲ, ಯಾರೂ ಮರುಮಾತಾಡಲಿಲ್ಲ. ನೀವು ಬರೆದ ಆ ಮೀನಿನ ಡ್ರೈವರ್ ನಿಮ್ಮ ಭೂತವನ್ನು ನೋಡಿದ್ದೇನೆಂದು ಕುಮಾಸಿಯಲ್ಲಿ ಹೇಳಿಕೊಂಡು ತಿರುಗುತ್ತಿದ್ದಾನೆ.

ಈಗ ನಾನಾ ನ್ಯಾರ್ಕೊ, “ದಿನ ಗೊತ್ತಾಗೋ ತನಕ ಆ ಹೆಂಡತಿ ಒಬ್ಬಳೇ ಕೂತಿರ್ಬೇಕಾ?” ಎಂದು ಎದ್ದಿದ್ದಾಳೆ. ಬರುವ ಶುಕ್ರವಾರ ಗೆಣಸಿನ ಹೆಂಗಸರೆಲ್ಲ ಕಪ್ಪು ಬಟ್ಟೆ ಉಟ್ಟು, ಜಿನ್ನಿನ ಬಾಟಲಿ ಹಿಡಿದು, ಅತ್ತೆಯನ್ನು ಮಾತಾಡಿಸಲು ಬರುತ್ತಾರೆ. ನನ್ನ ಲಾರಿಯಲ್ಲಿ. ನಾನೇ ಓಡಿಸಬೇಕು. ಇಷ್ಟು ದೊಡ್ಡ ಲೋಡು ನನಗೆ ಈವರೆಗೆ ಸಿಕ್ಕಿರಲಿಲ್ಲ.

ಅತ್ತೆಯ ತಂಗಿಯ ಮನೆಗೆ ಹೋಗಿ ಶನಿವಾರದವರೆಗೆ ಇದ್ದುಬಿಡಿ ಎಂದು ಕೇಳಲು ಕೂತೆ. ಬರೆದು ಓದಿದೆ. ಜೀವಂತ ಮಾವನಿಗೆ ಅಡಗಿಕೋ ಎಂದು ಹೇಳುತ್ತಿದ್ದೇನೆ. ಕೇಳಲಾರೆ. ಬರೆದ ಸಾಲನ್ನು ಹೊಡೆದುಹಾಕಲೂ ಆಗುತ್ತಿಲ್ಲ.

ಕ್ವಾಕು

*

ಎಸಿಯಾಮ
24 ಸೆಪ್ಟೆಂಬರ್ 1995

ಪರಲೋಕದಿಂದ, ದಿವಂಗತ ಬೊಕೋ ತನ್ನ ಪ್ರೀತಿಯ ಅಳಿಯನಿಗೆ ಬರೆಯಿಸುವ ಮಹಾಪತ್ರ.

ಇಲ್ಲಿ ಹವೆ ಚೆನ್ನಾಗಿದೆ. ಊಟಕ್ಕೆ ಕೊರತೆಯಿಲ್ಲ. ಮೊಣಕಾಲು ಮಾತ್ರ ನನ್ನ ಜೊತೆಗೇ ಬಂದುಬಿಟ್ಟಿದೆ.

ನೋಡು, ನಿನ್ನ ಧಾಟಿ ನನಗೂ ಬರುತ್ತದೆ. ನಿನ್ನ ಜರೂರು ಪತ್ರ ನಿನ್ನೆ ಬಂತು. ಹೆಂಗಸರು ಮೊನ್ನೆಯೇ ಬಂದು ಹೋದರು. ನೀನು ಅಂಗಳದೊಳಕ್ಕೆ ಬರಲೇ ಇಲ್ಲವಾದ್ದರಿಂದ ನಡೆದದ್ದನ್ನು ನಾನೇ ಬರೆಯಬೇಕಾಗಿದೆ.

ಬಾಗಿಲಲ್ಲಿ ಕೂತು ತೆಂಗಿನಕಾಯಿ ಸುಲಿಯುತ್ತಿದ್ದೆ. ಹಾರ್ನು ಕೇಳಿಸಿತು. ನನ್ನ ಹಾರ್ನು! ಎದೆ ಹಿಗ್ಗಿ ಎದ್ದೆ. ಆಮೇಲೆ ಅಳು ಕೇಳಿಸಿತು. ಕಪ್ಪು ಉಟ್ಟ ಹೆಂಗಸರು ಓಣಿಯಲ್ಲಿ ತೋಳು ಚಾಚಿಕೊಂಡು ಬರುತ್ತಿದ್ದರು, ಎಲ್ಲರ ಮುಂದೆ ನಾನಾ ನ್ಯಾರ್ಕೊ. “ಬೊಕೋ, ನಮ್ಮನ್ನು ಯಾರ ಕೈಗೆ ಬಿಟ್ಟು ಹೋದೆ” ಎಂದು ಹಾಡಿಕೊಂಡು ಬಂದವಳು, ಕೈಯಲ್ಲಿ ಕತ್ತಿಯೂ ಕಾಯಿಯೂ ಹಿಡಿದು ನಿಂತ ನನ್ನನ್ನು ಕಂಡು ಹಾಡಿನ ನಡುವೆಯೇ ನಿಂತಳು.

ನಾನು ಅವಳ ಹೆಗಲಾಚೆ ನೋಡಿದೆ. ತೆಂಗಿನ ಮರಗಳ ಕೆಳಗೆ ಲಾರಿ ನಿಂತಿತ್ತು. ಮೂತಿಗೆ ಕೆಂಪು ಬಟ್ಟೆ. ಬ್ರೇಕು ನೋಡುವವನಂತೆ ಒಬ್ಬ ಲಾರಿಯ ಕೆಳಗೆ ಮಲಗಿದ್ದ, ಎರಡು ಪಾದ ಮಾತ್ರ ಹೊರಗಿದ್ದವು. ಆ ಪಾದಗಳನ್ನು ನಾನು ಬಲ್ಲೆ. ಕ್ಲೀನರ್ ಆಗಿದ್ದಾಗಲೂ ಪಿಂಗಾಣಿ ಒಡೆದರೆ ಹಾಗೇ ಲಾರಿ ಕೆಳಗೆ ನುಗ್ಗುತ್ತಿದ್ದವು.

“ಏನಯ್ಯಾ ಬೊಕೋ,” ಎಂದಳು ನ್ಯಾರ್ಕೊ, “ನೀನು ಸತ್ತಿಲ್ವಾ?”

“ಇಲ್ಲ ನಾನಾ.”

“ಮತ್ತೆ ಸತ್ತೆ ಅಂತ ಹೇಳಿದವರು ಯಾರು?”

“ನಾನೇ ಹೇಳಿ ಕಳಿಸ್ದೆ,” ಎಂದೆ. “ಕಿವಿ ಕೇಳೋವಾಗ್ಲೇ ಯಾರ್ ಯಾರು ಅಳ್ತಾರೆ ಅಂತ ಕೇಳ್ಬೇಕು ಅನ್ನಿಸ್ತು. ಹುಡುಗನಿಗೂ ಸುಳ್ಳೇ ಹೇಳಿದ್ದೆ. ಅವನದೇನೂ ತಪ್ಪಿಲ್ಲ.”

ತಲೆಗೆ ಕಟ್ಟಿದ ಬಟ್ಟೆ ಬಿಚ್ಚಿ ನನ್ನ ಬೆನ್ನಿಗೆ ಬಾರಿಸಿದಳು. “ನಾಚಿಕೆಗೆಟ್ಟ ಮುದುಕ! ನಿನ್ನ ಸಲುವಾಗಿ ಗಂಟಲು ಕಟ್ಟಿಸ್ಕೊಂಡಿದೀನಲ್ಲೋ! ರಸ್ತೆ ಮೇಲೆ ನೀನೊಬ್ಬ ಸುಳ್ಳು ಹೇಳೋದಿಲ್ಲ ಅಂತಿದ್ದೆ!” ಉಳಿದವರೂ ಸರದಿಯ ಪ್ರಕಾರ ಬಾರಿಸಿದರು. ಆಮೇಲೆ ನಗು. ತಂದ ಜಿನ್ನು ನಾನೇ ಸುರಿದೆ, ಅಕುಬಾ ಮರಗೆಣಸಿನ ಅಕ್ಯೆಕೆ ಬಡಿಸಿದಳು, ಮೀನು ಕರಿದಳು. ನಿನ್ನ ಪಾಲನ್ನು ಲಾರಿ ಹತ್ತಿರಕ್ಕೆ ಕಳಿಸಿದೆ. ಬ್ರೇಕು ಅಷ್ಟು ಹೊತ್ತು ಕೆಟ್ಟಿದ್ದನ್ನು ನಾನು ಯಾವ ಲಾರಿಯಲ್ಲೂ ಕಂಡಿಲ್ಲ.

ಆಗಲಿ. ಅವರು ನಗುತ್ತ ಹೋದರು, ನಿನ್ನ ಲೋಡು ಉಳಿಯಿತು. ಸತ್ತವನಿಗೆ ಮರ್ಯಾದೆಯ ಚಿಂತೆ ಏಕೆ. ಆ ಬಟ್ಟೆಯನ್ನು ಮಾತ್ರ ಬಿಚ್ಚು.

ಇಂತಿ,
ದಿ. ಬೊಕೋ

*

ಟೆಚಿಮಾನ್
6 ಅಕ್ಟೋಬರ್ 1995

ಮಾವ,

ದಾರಿಯುದ್ದಕ್ಕೂ ಹೆಂಗಸರು ಹಿಂದೆ ನಗುತ್ತಿದ್ದರು. ಯಾಕೆ ನಗುತ್ತಾರೆ ಎಂದು ಕೇಳುವ ಧೈರ್ಯ ನನಗಿರಲಿಲ್ಲ. ನಾನಾ ನ್ಯಾರ್ಕೊ ಪಕ್ಕದಲ್ಲಿ ಕೂತು ನನ್ನ ತಲೆ ಸವರಿ, “ಪಾಪ, ನಿನ್ನನ್ನೂ ಅಳಿಸಿದ್ನಲ್ಲೋ ಆ ಮುದುಕ” ಎಂದಳು. ನಾನು ಗೇರು ಬದಲಿಸಿದೆ.

ನಿಮ್ಮ ಪತ್ರ ಬಂದ ಮೇಲೆ ಎಲ್ಲ ತಿಳಿಯಿತು.

ಇಲ್ಲಿ ನೀವೀಗ ದೊಡ್ಡ ತಮಾಷೆ. ಮೊದಲು ನಿಮ್ಮ ಹೆಸರು ಹೇಳಿದರೆ ಟೋಪಿ ತೆಗೆಯುತ್ತಿದ್ದವರು ಈಗ ನಾಲಿಗೆ ಹೊರಹಾಕಿ ಹೆಣದಂತೆ ನಟಿಸುತ್ತಾರೆ. ಯಾರಾದರೂ ಬುರುಡೆ ಬಿಟ್ಟರೆ “ಬೊಕೋ ಆಣೆಗೂ?” ಎಂದು ಕೇಳುತ್ತಾರೆ. ಒಬ್ಬ ತನ್ನ ಲಾರಿಯ ಹಿಂದಿನ ಹಲಗೆಗೆ ‘ಸತ್ತವನು ಊಟಕ್ಕೆ ಎದ್ದ’ ಎಂದು ಬರೆಸಿದ್ದಾನೆ. ಅಂಗಳದಲ್ಲಿ ಎಲ್ಲರೂ ಅದನ್ನು ಓದಿ ನಕ್ಕಾಗ ನಾನೂ ನಕ್ಕೆ. ಇಂಥದ್ದನ್ನು ಬರೆಸಬೇಕಾದವನು ನಾನೇ, ಅಷ್ಟು ಚೆನ್ನಾಗಿದೆ. ನಕ್ಕ ಮೇಲೆ ಬಾಯಿ ಮುಚ್ಚಲು ಆಗಲಿಲ್ಲ. ಹಾಗೇ ನಾನಾ ನ್ಯಾರ್ಕೊ ಹತ್ತಿರ ಹೋದೆ. ನನ್ನ ಲಾರಿಗೆ ಅರ್ಧ ಗೆಣಸು ಏರಿತ್ತು.

ಟೋಪಿ ತೆಗೆದೆ. “ಅಮ್ಮ, ಮಾವ ಸುಳ್ಳು ಹೇಳಿಲ್ಲ. ಸುಳ್ಳು ನಂದು” ಎಂದೆ. ಹಲಗೆಯಿಂದ ಹಿಡಿದು ಬ್ರೇಕಿನವರೆಗೆ ಎಲ್ಲ ಹೇಳಿದೆ, ಎಲ್ಲರ ಎದುರಿಗೆ. ಬೈಯುತ್ತಾಳೆ ಎಂದು ಕಾದೆ. ಬೈದಿದ್ದರೆ ಎಷ್ಟೋ ಸುಖವಿತ್ತು.

“ಅವತ್ತು ನಾನು ಮಣ್ಣಲ್ಲಿ ಕೂತು ಅತ್ನಲ್ಲ,” ಎಂದಳು, “ನೀನು ನೋಡ್ತಿದ್ದೆ, ಅಲ್ವಾ?”

“ಹೌದು ಅಮ್ಮ.”

“ಆ ಅಳು ನಂಗೆ ವಾಪಸ್ ಕೊಡು.”

ಅವಳೇ ಲಾರಿಯ ಮುಂದೆ ಹೋಗಿ, ನೀವು ಬರೆದ ಮೇಲೂ ನಾನು ಬಿಚ್ಚದೆ ಬಿಟ್ಟಿದ್ದ ಕೆಂಪು ಬಟ್ಟೆ ಬಿಚ್ಚಿದಳು. ಧೂಳು ಕೊಡವಿ, ಮಡಿಸಿ, ನನ್ನ ಕೈಗಿಟ್ಟಳು. “ಇದು ಯಾರದೋ ಅವನಿಗೆ ಕಳಿಸು” ಎಂದಳು. ಆಮೇಲೆ ಇಸ್ಸಾಕನ ಕಡೆ ತಿರುಗಿ, “ಗೆಣಸು ಇಳಿಸ್ರೋ” ಎಂದಳು. ಏರಿಸಿದ ಹುಡುಗರೇ ಇಳಿಸಿದರು. ನಾನೂ ಒಂದು ಕೈ ಕೊಟ್ಟೆ.

ಈಗ ಸಾಲಿನ ಕೊನೆಯಲ್ಲಿದ್ದೇನೆ. ಇದ್ದಿಲು ಹೊರುತ್ತೇನೆ, ಖಾಲಿ ಪೆಟ್ಟಿಗೆ ಹೊರುತ್ತೇನೆ. ಅದೂ ದಿನವೂ ಇರುವುದಿಲ್ಲ. “ಏನೋ ಇವತ್ತೇ” ಎಂದು ಯಾರೂ ಕರೆಯುವುದಿಲ್ಲ. ನಿಮ್ಮ ಹೆಸರು ಹೇಳಿ ನಟಿಸುವುದನ್ನು ಮಾತ್ರ ಎಲ್ಲರೂ ನಿಲ್ಲಿಸಿದ್ದಾರೆ. ಹಲಗೆಗೆ ಬರೆಸಿದ್ದವನು ಅದರ ಮೇಲೆ ಸುಣ್ಣ ಬಳಿದ.

ಬಟ್ಟೆಯನ್ನು ಇದರ ಜೊತೆ ಇಟ್ಟಿದ್ದೇನೆ. ನನ್ನ ಹತ್ತಿರ ಇಟ್ಟುಕೊಳ್ಳಲು ನಾಚಿಕೆಯಾಗುತ್ತದೆ.

ನಿಮ್ಮ ಪಾದಕ್ಕೆ,
ಕ್ವಾಕು

*

ಎಸಿಯಾಮ
15 ಅಕ್ಟೋಬರ್ 1995

ಚಿ. ಕ್ವಾಕು,

ಪತ್ರ ಓದಿದೆ. ಅಕುಬಾಗೆ ಓದಿ ಹೇಳಲಿಲ್ಲ, ಅವಳೂ ಕೇಳಲಿಲ್ಲ.

ಅಕುಬಾಳ ತಂಗಿಯ ಮನೆಯಲ್ಲಿ ತೆಂಗಿನಕಾಯಿ ರಾಶಿ ಬಿದ್ದಿದೆ, ಉತ್ತರಕ್ಕೆ ಒಯ್ಯಲು ಲಾರಿ ಇಲ್ಲ. ನನ್ನ ಅಳಿಯನದೊಂದು ಇದೆ ಎಂದೆ. “ಯಾರು, ಆ ಸುಳ್ಳು ಹೇಳಿದವನಾ?” ಎಂದಳು ಆ ತಂಗಿ, ಸುದ್ದಿ ಲಾರಿಗಳ ಜೊತೆ ಇಲ್ಲಿಗೂ ಬಂದಿದೆ. ಹೌದು, ಅವನೇ ಎಂದೆ. ಆಮೇಲೆ, “ಗಾಡಿ ಗಟ್ಟಿ ಇದೆಯಾ?” ಎಂದು ಕೇಳಿದಳು. ಅದು ನಿನ್ನ ಲೋಡು. ಇದ್ದಿಲು ಹೊತ್ತು ತಾರ್ಕ್ವಾದವರೆಗೆ ಬಾ, ಅಲ್ಲಿಂದ ಖಾಲಿ ಬಾ. ಈ ಸಲ ಅಂಗಳದೊಳಕ್ಕೆ ಬರಬೇಕು. ತಿರುಗಿ ಹೋಗುವಾಗ ನಾನೂ ಪಕ್ಕದ ಸೀಟಿನಲ್ಲಿ ಕೂತು ಬರುತ್ತೇನೆ. ನಾನಾ ನ್ಯಾರ್ಕೊಗೆ ನಾನೂ ಒಂದು ಸುಳ್ಳು ಹೇಳಿದ್ದೇನೆ, ಹೋಗಿ ಟೋಪಿ ತೆಗೆಯಬೇಕು.

ಕೆಂಪು ಬಟ್ಟೆಯನ್ನು ಒಗೆದು ಒಣಗಿಸಿ ವಾಪಸ್ ಕಳಿಸಿದ್ದೇನೆ. ನಿನ್ನ ಸೀಟಿನ ಕೆಳಗೆ ಇಟ್ಟುಕೋ. ಮುಂದೊಂದು ದಿನ ಕಟ್ಟಬೇಕಾಗುತ್ತದೆ. ಅದನ್ನು ಕಟ್ಟಬೇಕಾದವನು ನೀನೇ.

ಅವಸರವಿಲ್ಲ.

ಮಾವ